ದನಿ ಕೊಟ್ಟ ಕಬ್ಬಿಣ

ಏಳನೆಯ ಕಂತು

"ಒಳಗ ಬಾಣಂತಿ ಅದಾಳ. ಗಂಡಸರು ಹೊಸ್ತಿಲು ದಾಟೂ ಹಂಗಿಲ್ಲ," ಎಂದು ದುಂಡಮ್ಮ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ನಾ ದಾಟೂದಿಲ್ಲವ್ವಾ. ಆ ಕಬ್ಬಿಣ ಅಷ್ಟೇ ಹೊರಗ ಬಂದ್ರ ಸಾಕು."

"ಯಾವ ಕಬ್ಬಿಣ?"

"ನಿಮ್ಮ ಬಾಳಿ ತೋಟದಾಗ ವಿಮಾನ ಬಿದ್ದ ದಿವಸ ಸೆರಗಿನಾಗ ಕಟ್ಟಿಕೊಂಡು ಬಂದೆಲ್ಲ, ಅದು. ತೋಟದ ಕಾವಲುಗಾರ ಎಲ್ಲಾ ಹೇಳ್ಯಾನ."

"ಆ ಮುದುಕನ ಬಾಯಾಗ ಎಳ್ಳುಕಾಳು ನೆನಿಯೂದಿಲ್ಲ," ಎಂದು ಮುದುಕಿ ಗೊಣಗಿದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀ ಪೊಲೀಸ ಏನು?" ಎಂದು ಕೇಳಿದಳು.

"ಒಂದು ಕಾಲಕ್ಕ ಪೊಲೀಸ ಅಮೀನ ಇದ್ದೆ. ಈಗ ಕಲಬುರಗಿ ಅದಾಲತ್ ಮುಂದ ಬೇವಿನ ಗಿಡದ ಬುಡಕ ಕೂತು ಮಂದಿಗೆ ಅರ್ಜಿ ಬರದು ಕೊಡ್ತೀನಿ. ಚಂದ್ರಶಾ ಅಂತಾರ."

ಹೊಸ ಓದುಗರಿಗೆ ಒಂದೇ ಮಾತು ಹೇಳಿಬಿಡುತ್ತೇನೆ. ಹನ್ನೊಂದು ದಿನಗಳ ಹಿಂದೆ ಕಮಲಾಪುರದ ಈ ತೋಟದಲ್ಲಿ ಟಪಾಲು ಒಯ್ಯುವ ಡಾಕ್ ವಿಮಾನ ಬಿದ್ದು ಪೈಲಟ್ ಸತ್ತ. ಬೇಕೆಂದೇ ಎಂಜಿನ್ ಕೆಡಿಸಿ ಅವನನ್ನು ಕೊಂದನೆಂದು ಮಿಸ್ತ್ರಿ ಮರೆಪ್ಪನನ್ನು ಹಿಡಿದು ಹಾಕಿದ್ದಾರೆ. ಅವನ ಹೆಂಡತಿ ಶಂಕ್ರಮ್ಮ ನನ್ನ ಕಾಲು ಹಿಡಿದಿದ್ದಾಳೆ. ಶುಕ್ರವಾರ ಅವನನ್ನು ಹೈದರಾಬಾದಿಗೆ ಒಯ್ಯುವುದೆಂದು ಠರಾಯಿಸಿದ್ದರು. ಇಲ್ಲಿ ಠಾಣೆಯಲ್ಲಿ ದಿನಾ ಏಟು, ಅಲ್ಲಿ ಖೂನಿ ಸಾಬೀತಾದರೆ ಫಾಶಿ; ಏಟಾದರೂ ತಪ್ಪಲೆಂದು ಸೋಮವಾರ ಒಂದು ಅರ್ಜಿ ಕೊಟ್ಟಿದ್ದೆ. ಇವತ್ತು ಬುಧವಾರ.

ಪೊಲೀಸರು ಈ ತೋಟವನ್ನು ಮೂರು ಸಲ ಜಾಲಾಡಿದ್ದರು. ಸುಟ್ಟ ಬಾಳೆಯ ಬುಡ ಅಗೆದಿದ್ದರು, ಬಾವಿಗೆ ಆಳು ಇಳಿಸಿದ್ದರು. ಎಂಜಿನ್ನಿನ ಉಳಿದ ಸಾಮಾನೆಲ್ಲ ಸಿಕ್ಕಿತು, ಒಂದು ಬಿಟ್ಟು. ಎಂಜಿನ್ನಿನ ತಲೆಯ ಮೇಲೆ ಕೂತು ಒಂದೇ ಸಮನೆ ಬಾಗಿ ಏಳುವ ಗೇಣುದ್ದದ ಕಬ್ಬಿಣ ಅದು. ಮಿಸ್ತ್ರಿಗಳು ಅದಕ್ಕೆ 'ತೋಳು' ಅನ್ನುತ್ತಾರೆ. ತೋಳು ಇಲ್ಲ ಎಂದ ಮೇಲೆ ಮರೆಪ್ಪನೇ ಅದರ ತಿರುಪು ಸಡಿಲ ಮಾಡಿ ಬಿಟ್ಟಿದ್ದಾನೆ, ಅದು ನಡುಹಾದಿಯಲ್ಲಿ ಎಲ್ಲೋ ಕಳಚಿ ಬಿದ್ದಿದೆ ಎಂದು ಈಗಿನ ಅಮೀನ ಸಾಹೇಬರು ಬರೆದು ಮುಗಿಸಿದರು. ಸಾಯುವ ಎರಡು ದಿನ ಮುಂಚೆ ಪೈಲಟನಿಗೂ ಮರೆಪ್ಪನಿಗೂ ಜಗಳವಾಗಿದ್ದನ್ನು ಊರೇ ನೋಡಿತ್ತಲ್ಲ, ಅವರಿಗೆ ಅಷ್ಟು ಸಾಕಾಯಿತು.

ಪೊಲೀಸರನ್ನು ಬೈಯುವ ಹಕ್ಕು ನನಗಿಲ್ಲ. ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇಡದ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ? ಕುಡಗೋಲೋ, ಕತ್ತರಿಯೋ, ಕಡೆಗೆ ಒಂದು ಮೊಳೆಯೋ ಇದ್ದೇ ಇರುತ್ತದೆ. ಸೊಸೆ ಹಡೆದು ಎರಡನೆಯ ದಿನಕ್ಕೆ ಮುಗಿಲಿನಿಂದಲೇ ಕಬ್ಬಿಣ ಬಿದ್ದರೆ ದುಂಡಮ್ಮ ಕುಡಗೋಲು ಯಾಕೆ ಹುಡುಕುತ್ತಾಳೆ? ಇಷ್ಟು ತಿಳಿಯಲು ನನಗೆ ಹನ್ನೊಂದು ದಿನ ಹಿಡಿಯಿತು. ನನ್ನ ತಾಯಿ ಬದುಕಿದ್ದರೆ ಕೈಗೆ ಸಿಕ್ಕ ಪೊರಕೆಯಿಂದ ಬಾರಿಸುತ್ತಿದ್ದಳು.

"ಅದನ್ನ ತಗದ್ರ ನನ್ನ ಮೊಮ್ಮಗನಿಗೆ ಏನರ ಆದ್ರ ಯಾರು ಹೊಣಿ?" ಎಂದಳು ದುಂಡಮ್ಮ.

"ಅದನ್ನ ಕೊಡಲಿಲ್ಲಂದ್ರ ಒಬ್ಬಾಕಿಯ ಗಂಡ ಸಾಯ್ತಾನವ್ವಾ. ಆಕಿಗೂ ಎರಡು ಕೂಸು ಅವ."

ನಾನು ಅಂಗಿಯ ಕಿಸೆಯಿಂದ ನನ್ನ ಅಡಕತ್ತರಿ ತೆಗೆದು ಹೊಸ್ತಿಲ ಮೇಲಿಟ್ಟೆ. "ಅದರ ಬದಲಿ ಇದನ್ನ ಇಡು. ಇದೂ ಕಬ್ಬಿಣಾನೇ ಅದ. ನಮ್ಮಪ್ಪನ ಕಾಲದ್ದು," ಎಂದೆ.

ಅವಳು ಅದನ್ನು ಎತ್ತಿ ಹೊರಳಿಸಿ ನೋಡಿದಳು. ಮುಖ ಸ್ವಲ್ಪ ಸಡಿಲಾಯಿತು.

"ಇದರ ಮ್ಯಾಲೂ ಅದೇ ಗುರ್ತು ಅದ ನೋಡು. ಅದೂ ಇದೂ ಒಂದೇ ಕೈಯಾಗಿನ ಕೆಲಸ. ಹಂಗಾದ್ರ ನಡೀತದ," ಎಂದು ಒಳಗೆ ಹೊರಟಳು.

"ಯಾವ ಗುರ್ತವ್ವಾ?"

"ಕಪನೂರ ಖಂಡೆಪ್ಪನ ಗುರ್ತು. ಮೂರು ಕಚ್ಚು. ನಮ್ಮ ಕುರ್ಪಿ ಮ್ಯಾಲ ಅದ, ಕೊಡ್ಲಿ ಮ್ಯಾಲ ಅದ. ಒಳ್ಳೇ ಕೈ ಅಂತನೇ ನಾ ಅದನ್ನ ತಂದು ಕೂಸಿನ ತಲಿಬುಡಕ ಇಟ್ಟೀನಿ."

ಒಳಗೆ ಕೂಸು ಅತ್ತಿತು, ಸುಮ್ಮನಾಯಿತು. ದುಂಡಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದನ್ನು ನನ್ನ ಅಂಗೈಗೆ ಇಟ್ಟಳು. ಮುರಿದ ತೋಳಿನ ಅರ್ಧ; ಇನ್ನರ್ಧ ಮುಗಿಲಲ್ಲೇ ಕಳಚಿ ಎಲ್ಲೋ ಬಿದ್ದಿರಬೇಕು. ನಡುವಿನ ತೂತಿನೊಳಗೆ ಇರಬೇಕಾದ ಹಿತ್ತಾಳೆಯ ಬಳೆ ಬಿದ್ದು ಹೋಗಿತ್ತು. ಅಲ್ಲಿ, ಬಳೆ ಇದ್ದಾಗ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಮೂರು ಕಚ್ಚುಗಳಿದ್ದವು.

ಈ ತುಂಡು ಸಿಕ್ಕರೆ ಮರೆಪ್ಪ ಬದುಕುತ್ತಾನೆ ಎಂದು ನಂಬಿ ಹನ್ನೊಂದು ದಿನ ಅಲೆದಿದ್ದೆ. ಈಗ ಸಿಕ್ಕಿತ್ತು, ಅವನನ್ನು ಇನ್ನೂ ಆಳಕ್ಕೆ ತಳ್ಳಲು ಸಿಕ್ಕಿತ್ತು.

ಯಾಕೆ ಎಂದು ಹೇಳುತ್ತೇನೆ. ಕೋಟನೂರ ಮೈದಾನದಲ್ಲಿ ಕಂಪನಿಯ ಎರಡು ವಿಮಾನಗಳಿದ್ದವು. ಎರಡು ವರ್ಷದ ಹಿಂದೆ ಎರಡರದೂ ಒಂದೊಂದು ತೋಳು ಬಿರುಕು ಬಿಟ್ಟಿತ್ತು. ವಿಲಾಯತಿಯಿಂದ ಹೊಸದು ಬರಲು ಆರು ತಿಂಗಳು. ಆಗ ಕಪನೂರಿನ ಕಂಬಾರ ಖಂಡೆಪ್ಪ ಎರಡನ್ನೂ ಬೆಸೆದು ಕೊಟ್ಟ, ಕಂಪನಿಯವರು ಅವನಿಗೆ ಶಾಲು ಹೊದಿಸಿದರು, ವಿಮಾನಗಳು ಎರಡು ವರ್ಷ ಹಾರಿದವು.

ವಿಮಾನ ಬೀಳುವ ಕೆಲವು ದಿನ ಮುಂಚೆ, ಎರಡು ಹೊಸ ತೋಳಿನ ಜೊತೆ, ಹೈದರಾಬಾದಿನಿಂದ ಹುಕುಂ ಬಂತು. ಅದರ ನಕಲು ನನ್ನ ಕಿಸೆಯಲ್ಲಿದೆ, ಬಾಯಿಪಾಠವಾಗಿದೆ. ದುರಸ್ತಿಯಾದ ತೋಳು ನೋಡಲು ಎಷ್ಟೇ ಗಟ್ಟಿಯಾಗಿ ಕಂಡರೂ, ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ, ಕಡ್ಡಾಯವಾಗಿ ತೆಗೆಯಬೇಕು. ಕಾರ್ಖಾನೆಯ ಹೊಸದನ್ನೇ ಹಾಕಬೇಕು. ತೆಗೆದದ್ದನ್ನು ಮತ್ತೆ ಯಾರೂ ಬಳಸದಂತೆ ಎರಡು ತುಂಡು ಮಾಡಿ, ತುಂಡುಗಳನ್ನು ಕಚೇರಿಗೆ ಕಳಿಸಬೇಕು. ಅಲ್ಲಿಯವರೆಗೆ ವಿಮಾನ ಏಳಕೂಡದು.

ಮರೆಪ್ಪ ಪೈಲಟನ ಜೊತೆ ಜಗಳವಾಡಿದ್ದು ಇದಕ್ಕೇ. ಡಾಕ್ ತಡವಾಗುತ್ತದೆ, ಇವತ್ತೊಂದು ದಿನ ಹಳೆಯದರಲ್ಲೇ ಹೋಗುತ್ತೇನೆ ಎಂದು ಪೈಲಟ್ ಹಟ ಹಿಡಿದ. ಹೊಸದು ಹಾಕದೆ ಬಿಡುವುದಿಲ್ಲ ಎಂದು ಮರೆಪ್ಪ ರೆಕ್ಕೆಯ ಕೆಳಗೆ ಅಡ್ಡ ಮಲಗಿದ. ಮರುದಿನ ಹೊಸ ತೋಳು ಹಾಕಿ ರುಜು ಮಾಡಿದ. ಹಳೆಯವುಗಳ ನಾಲ್ಕು ತುಂಡು ಹೈದರಾಬಾದಿಗೆ ಮುಟ್ಟಿ ರಸೀದಿಯೂ ಬಂದಿದೆ.

ಹಾಗಾದರೆ ಖಂಡೆಪ್ಪನ ಗುರುತಿನ ಹಳೆಯ ತೋಳು ಬಿದ್ದ ವಿಮಾನದಲ್ಲಿ ಹೇಗೆ ಬಂತು? ಹೊಸದು ಹಾಕಿದ್ದೇನೆ ಎಂದು ರುಜು ಹಾಕಿದವನು ಮರೆಪ್ಪ ಒಬ್ಬನೇ. ಈ ತುಂಡನ್ನು ಅದಾಲತಿನಲ್ಲಿ ಇಟ್ಟರೆ ಅವನು ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಒಂದು ಕ್ಷಣ ಅದನ್ನು ದುಂಡಮ್ಮನ ಬಾವಿಗೆ ಎಸೆದುಬಿಡಲೇ ಅನ್ನಿಸಿತು, ನಿಜ ಹೇಳುತ್ತೇನೆ.

ಎಸೆಯಲಿಲ್ಲ. ಸುಳ್ಳು ಪಂಚನಾಮೆ ಬರೆಯಲು ಒಪ್ಪದೆ ಅಮೀನಗಿರಿ ಕಳೆದುಕೊಂಡವನು ನಾನು. ಹೊಟ್ಟೆಗಿಲ್ಲದಿದ್ದರೂ ಆ ಹಟ ಇನ್ನೂ ಬಿಟ್ಟಿಲ್ಲ.

ಕಮಲಾಪುರದಿಂದ ಕಲಬುರಗಿಗೆ ಬರುವ ಮೋಟಾರಿನಲ್ಲಿ ಕೂತು ತುಂಡನ್ನು ಮತ್ತೆ ಮತ್ತೆ ನೋಡಿದೆ. ಮುರಿದ ಮುಖದ ಅರ್ಧ ಭಾಗ ಎಣ್ಣೆ ಕುಡಿದು ಕಪ್ಪಾಗಿತ್ತು, ಉಳಿದರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಬಹಳ ದಿನದ್ದು. ಅವತ್ತು ಮುರಿದದ್ದು ಉಳಿದರ್ಧ ಮಾತ್ರ. ಯಾರೂ ತಿರುಪು ಸಡಿಲ ಮಾಡಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ಕಳೆದ ಆರು ಕಂತುಗಳಲ್ಲಿ ಕೋಟನೂರಿನ ಮ್ಯಾನೇಜರ್ ಶಫಿಯ ಮೇಲೆ ನಾನು ಕಣ್ಣಿಟ್ಟೆ, ನಿಮ್ಮ ಕಣ್ಣನ್ನೂ ಅವನ ಮೇಲೆ ಇಡಿಸಿದೆ. ಹೊಸ ತೋಳನ್ನು ಕದ್ದು ಮಾರಿದವನು ಅವನೇ ಎಂದು ಆಣೆ ಮಾಡಿ ಹೇಳುವವನಿದ್ದೆ. ಹೊಸದನ್ನು ಕದ್ದು ಅದರ ಜಾಗಕ್ಕೆ ಈ ಹಳೆಯದನ್ನು ಹಾಕಿಸಬೇಕಿದ್ದರೆ ಇದು ಶಫಿಯ ಕೈಗೆ ಬರಬೇಕಾಗಿತ್ತು, ಬಂದೇ ಇರಲಿಲ್ಲ. ಹಳೆಯದೂ ಹೊಸದೂ ಒಟ್ಟಿಗೆ ಸೇರಿದ ಜಾಗ ಒಂದೇ, ಅದು ಕಪನೂರಿನ ಕುಲುಮೆ. ಹೊಸ ತೋಳುಗಳಿಗೆ ಹಿತ್ತಾಳೆ ಬಳೆ ಕೂಡಿಸಲು, ಹಳೆಯವುಗಳನ್ನು ಒಡೆಯಲು, ಮರೆಪ್ಪ ನಾಲ್ಕನ್ನೂ ಒಂದೇ ಚೀಲದಲ್ಲಿ ಖಂಡೆಪ್ಪನ ಹತ್ತಿರ ಒಯ್ದಿದ್ದ.

ಕಪನೂರಿನಲ್ಲಿ ಇಳಿದೆ. ಖಂಡೆಪ್ಪ ನೇಗಿಲ ಕುಳ ಬಡಿಯುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ, ಬೆಂಕಿ ನೋಡಿ ನೋಡಿ ಒಂದು ಕಣ್ಣು ಮಂಜಾಗಿದೆ. ಮರೆಪ್ಪ ಹತ್ತು ವರ್ಷದವನಿದ್ದಾಗಿನಿಂದ ಇವನ ತಿದಿ ಒತ್ತಿ ಕಲಿತವನು. ಗುರು ಅನ್ನಿ, ತಂದೆ ಅನ್ನಿ, ಮರೆಪ್ಪನಿಗೆ ಎರಡೂ ಇವನೇ.

"ಬರ್ರಿ ಚಂದ್ರಶಾ ಅವರ. ನಮ್ಮ ಹುಡುಗಂದು ಏನಾತು?"

ನಾನು ಸೀರೆಯ ತುಂಡು ಬಿಚ್ಚಿ ಅಡೆಗಲ್ಲಿನ ಮೇಲಿಟ್ಟೆ.

ಅವನು ಸುತ್ತಿಗೆ ಕೆಳಗಿಟ್ಟ. ಕಬ್ಬಿಣವನ್ನು ಎತ್ತಿಕೊಂಡು, ನೋಡುವ ಬದಲು ಹೆಬ್ಬೆರಳಿನಿಂದ ತೂತಿನೊಳಗೆ ಸವರಿದ. ಮೂರು ಕಚ್ಚು ಬೆರಳಿಗೆ ತಾಗಿದ್ದು ನನಗೆ ಅವನ ಮುಖದಲ್ಲಿ ಗೊತ್ತಾಯಿತು.

"ಎಲ್ಲಿ ಸಿಕ್ತು?"

"ವಿಮಾನ ಬಿದ್ದಲ್ಲೇ. ಇದು ನೀ ಬೆಸೆದ ಹಳೇ ತೋಳು. ಒಡೆದು ಕಳಿಸಿದ್ದು ಯಾವುದು ಖಂಡೆಪ್ಪ?"

ಅವನು ತುಂಡನ್ನು ಬೆಳಕಿಗೆ ಹಿಡಿದು ಬೆಸುಗೆಯ ಗೆರೆ ನೋಡಿದ. "ನನ್ನ ಬೆಸುಗಿ ಬಿಟ್ಟಿಲ್ಲ ನೋಡ್ರಿ," ಎಂದ. "ಬೆಸುಗಿ ಇದ್ದಂಗೇ ಅದ. ಮುರದದ್ದು ಅದರ ಬಾಜೂಕ."

"ನಾ ಕೇಳಿದ್ದು ಅದಲ್ಲ."

"ಬೆಸುಗಿ ಬಿಟ್ಟಿಲ್ಲ," ಎಂದು ಮತ್ತೆ ಹೇಳಿದ. ಧ್ವನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

"ಮರೆಪ್ಪ ನಾಲ್ಕು ತೋಳು ತಂದಿದ್ದ. ಹಳೇವು ಎರಡು, ಹೊಸಾವು ಎರಡು. ಯಾವುದನ್ನ ಒಡದಿ?"

"ಮರೆಪ್ಪಗ ಏನೂ ಗೊತ್ತಿಲ್ಲರಿ."

"ಅದೇ ಮಾತು ನನಗ ಬೇಕಾಗ್ಯದ. ಪೂರಾ ಹೇಳು."

ಖಂಡೆಪ್ಪ ಕುಲುಮೆಯ ಕಟ್ಟೆಯ ಮೇಲೆ ಕೂತ. ಬೆಂಕಿ ಆರುತ್ತಿತ್ತು, ಅವನು ಕೆದಕಲಿಲ್ಲ. ಮಾಡಿನ ತೊಲೆಗೆ ಒಂದು ದಾರ ಕಟ್ಟಿತ್ತು. ಅದರ ತುದಿಗೆ ಆ ತುಂಡನ್ನು ತೂಗಹಾಕಿ ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಟ್ಟ. ಮುರಿದ ಅರ್ಧವೂ ಗಣ್ ಎಂದು ದನಿ ಕೊಟ್ಟಿತು.

"ಕೇಳಿದ್ರೆಲ್ಲ? ಐವತ್ತು ವರ್ಷ ಆತು, ಈ ದಾರಕ್ಕ ತೂಗಿ ಬಡದು ನೋಡದ ನಾ ಒಂದು ಕುಳ ಸೈತ ರೈತನ ಕೈಗೆ ಕೊಟ್ಟಿಲ್ಲ. ದನಿ ಬೊದ್ದು ಬಂದ್ರ ಒಡದು ಹೊಳ್ಳಿ ಕಾಸೂದು. ದನಿ ಚಲೋ ಬಂದ್ರ ಆ ಕಬ್ಬಿಣ ಮಂದಿನ್ನ ಕಾಯ್ತದ. ನಮ್ಮಪ್ಪ ಕಲಿಸಿದ್ದು, ನಾ ಮರೆಪ್ಪಗ ಕಲಿಸಿದ್ದು."

"ಹೊಸಾವು?"

"ಬೊದ್ದು," ಎಂದ ಖಂಡೆಪ್ಪ. "ಎರಡೂ ಬೊದ್ದು. ಮೆತ್ತನ್ನ ಕಬ್ಬಿಣ. ನನ್ನ ಹಳೇವು ಎರಡೂ ಗಂಟಿ ಬಡದಂಗ. ಸರ್ಕಾರದ ಮಂದಿ ಅಲ್ಲಿ ಕುರ್ಚಿ ಮ್ಯಾಲ ಕೂತು ಹುಕುಂ ಬರದಾರ, ಅವರಿಗೇನು ಗೊತ್ತು ಅಂತ ನನಗ ಅನಿಸ್ತು. ಈ ಬೊದ್ದು ಕಬ್ಬಿಣದ ಮ್ಯಾಲ ನನ್ನ ಹುಡುಗರು ಮುಗಿಲಿಗೆ ಹೋಗಿ ಬಿದ್ದು ಸತ್ರ ಯಾರು ಹೊಣಿ ಅಂತ ಅನಿಸ್ತು."

"ಅದಕ್ಕ ಹೊಸಾವು ಒಡದಿ."

"ಒಡದೆ. ಹಳೇವಕ್ಕ ಹೊಸಾ ಬಳಿ ಕೂಡಿಸಿದೆ, ಬೆಸುಗಿ ಕಾಣದಂಗ ಉಜ್ಜಿ ಕರೇ ಬಣ್ಣ ಬಳದೆ. ಹೊಸಾವೂ ಕರೇವೇ ಇದ್ದವು. ಮರೆಪ್ಪ ಚೀಲ ಇಸ್ಕೊಂಡು ಕಾಲು ಮುಟ್ಟಿ ಹೋದ."

"ತಿರುವಿ ನೋಡಲಿಲ್ಲ?"

"ನನ್ನ ಕೈಯಾಗಿಂದ ಬಂದದ್ದನ್ನ ಅವ ಯಾವತ್ತರ ತಿರುವಿ ನೋಡ್ಯಾನೇನ್ರಿ?"

ಅದೂ ನಿಜ. ಗುರು ಕೊಟ್ಟ ಕೆಲಸವನ್ನು ಶಿಷ್ಯ ಅವನೆದುರಿಗೆ ಪರೀಕ್ಷಿಸುವುದೆಂದರೆ ನಮ್ಮ ಕಡೆ ಅವನ ಮುಖಕ್ಕೆ ಉಗುಳಿದ ಹಾಗೆ. ಹೈದರಾಬಾದಿನ ಕಚೇರಿಯವರೋ ನಾಲ್ಕು ತುಂಡು ಎಣಿಸಿದರು, ಬೆಸುಗೆ ಇದೆಯೇ ಎಂದು ಯಾರೂ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು.

ನಾನು ಹುಕುಂನ ನಕಲು ಬಿಡಿಸಿ ಕೊನೆಯ ಸಾಲುಗಳನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಬೆಸುಗೆಯ ಕಾವಿಗೆ ಅದರ ಪಕ್ಕದ ಕಬ್ಬಿಣ ಗಾಜಿನಂತೆ ಗಡುಸಾಗುತ್ತದೆ, ಬೆಸುಗೆ ಉಳಿದರೂ ಪಕ್ಕದಲ್ಲಿ ಬಿರುಕು ಹುಟ್ಟುತ್ತದೆ ಎಂದಿತ್ತು. ಹೊಸ ತೋಳು ಬಿರುಕು ಬಿಡಬಾರದೆಂದೇ ಅದನ್ನು ಮೆತ್ತಗೆ ಮಾಡಿದ್ದಾರೆ ಎಂದೂ ಇತ್ತು.

ಖಂಡೆಪ್ಪ ದಾರದಲ್ಲಿ ತಿರುಗುತ್ತಿದ್ದ ತುಂಡನ್ನೇ ನೋಡಿದ. ಆಮೇಲೆ ಕೈ ಚಾಚಿ ಅದನ್ನು ಹಿಡಿದು ನಿಲ್ಲಿಸಿ, ಮುರಿದ ಮುಖದ ಕಪ್ಪು ಭಾಗವನ್ನು ಉಗುರಿನಿಂದ ಕೆರೆದ.

"ಗಡುಸು ಆಗಿದ್ದಕ್ಕೇ ದನಿ ಕೊಡ್ತು," ಎಂದ. "ನಾ ಕೇಳಿದ್ದು ಅದನ್ನೇ ಏನ್ರೀ?"

ಐವತ್ತು ವರ್ಷದ ಅವನ ಕಿವಿ ಕುಳಕ್ಕೆ, ಕುರ್ಪಿಗೆ, ಕೊಡಲಿಗೆ ಎಂದೂ ತಪ್ಪಿರಲಿಲ್ಲ. ಈ ಮನುಷ್ಯನ ಮೇಲೆ ಸಿಟ್ಟು ಮಾಡಬೇಕೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಸಿಟ್ಟು ಬರಲಿಲ್ಲ, ಅಳು ಬಂತು.

"ಬರಕೊಳ್ರಿ," ಎಂದ ಅವನು. "ನಾ ಹೇಳ್ತೀನಿ, ನೀವು ಬರಕೊಳ್ರಿ. ಹೆಬ್ಬಟ್ಟು ಒತ್ತತೀನಿ. ನನ್ನ ಹುಡುಗ ಮನಿಗೆ ಬರಲಿ."

ಅಡೆಗಲ್ಲಿನ ಮೇಲೆ ಕಾಗದ ಇಟ್ಟು ಬರೆದೆ. ಜೀವನದಲ್ಲಿ ಎಷ್ಟೋ ಬಯಾನು ಬರೆದಿದ್ದೇನೆ; ಹೇಳುವವನೇ ನಡುನಡುವೆ ನಿಲ್ಲಿಸಿ, "ಅಲ್ಲಿ 'ಗೊತ್ತಿದ್ದೂ' ಅಂತ ಬರೀರಿ, ಇಲ್ಲಾಂದ್ರ ಮರೆಪ್ಪನ ಮ್ಯಾಲೇ ಬರ್ತದ," ಎಂದು ತನ್ನ ಕೊರಳಿಗೆ ತಾನೇ ಹಗ್ಗ ಬಿಗಿಸಿಕೊಂಡದ್ದು ಇದೊಂದೇ. ಪಕ್ಕದ ಎಣ್ಣೆ ಗಾಣದ ಅಮೋಘಪ್ಪ ಸಾಕ್ಷಿ ಹಾಕಿದ. ಖಂಡೆಪ್ಪ ಹೆಬ್ಬೆರಳಿಗೆ ಮಸಿಯ ಬದಲು ಕುಲುಮೆಯ ಕಾಡಿಗೆ ಹಚ್ಚಿ ಒತ್ತಿದ.

ಕಾಗದ ಮಡಚುವಾಗ ನೆನಪಾಗಿ ಕೇಳಿದೆ, "ಇನ್ನೊಂದು ಹಳೇದು ಎಲ್ಲಿ ಅದ?"

"ಇನ್ನೊಂದು ವಿಮಾನದಾಗ. ಮರೆಪ್ಪ ಎರಡನ್ನೂ ಒಂದೇ ದಿವಸ ಹಾಕ್ಯಾನ."

ಇನ್ನೊಂದು ವಿಮಾನ ಆ ದಿನದಿಂದ ಶೆಡ್ಡಿನಲ್ಲೇ ನಿಂತಿತ್ತು. ನಿಲ್ಲಲಿ, ಅವಸರವಿಲ್ಲ, ಮೊದಲು ಠಾಣೆಗೆ ಹೋಗಿ ಬಯಾನು ಕೊಟ್ಟು ಮರೆಪ್ಪನನ್ನು ಬಿಡಿಸೋಣ ಎಂದು ಟಾಂಗಾ ಹಿಡಿದೆ. ಖಂಡೆಪ್ಪ ಕುಲುಮೆಯ ಬಾಗಿಲಿಗೆ ಬೀಗ ಹಾಕದೆಯೇ ಬಂದು ನನ್ನ ಪಕ್ಕ ಕೂತ.

ಶಹಾಬಜಾರದ ಓಣಿಯಲ್ಲಿ ಟಾಂಗಾ ನಿಧಾನವಾಯಿತು. ಹಸಿರು ಬಾಗಿಲಿನ ಒಂದು ಮನೆಯ ಮುಂದೆ ಖಂಡೆಪ್ಪ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಇಕ್ಬಾಲ್ ಬೇಗಂ ಅವರ ಮನಿ ಇದೇ ಅಲ್ಲೇನ್ರಿ?"

ಸತ್ತ ಪೈಲಟನ ತಾಯಿ ಆಕೆ. ಹೌದೆಂದೆ.

"ಹೊಳ್ಳಿ ಬರಾಕ ಆಗೂದಿಲ್ಲ ನನಗ. ನೀವು ಒಂದು ದಿನ ಬಂದು ಆಕಿಗೆ ಹೇಳ್ರಿ. ಬೇಕಂತ ಮಾಡಿದ್ದಲ್ಲ ಅಂತ ಹೇಳಬ್ಯಾಡ್ರಿ. ಯಾರು ಮಾಡಿದ್ರು ಅಷ್ಟೇ ಹೇಳ್ರಿ."

ಠಾಣೆಯಲ್ಲಿ ಜಮಾದಾರ ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಹಳೆಯ ಪರಿಚಯ, ನನ್ನ ಕೈಕೆಳಗೆ ದುಡಿದವನು. ನನ್ನನ್ನು ನೋಡಿದ್ದೇ ನಕ್ಕ.

"ಮಿಠಾಯಿ ತರಬೇಕಿತ್ತಲ್ರಿ ಸಾಹೇಬ್ರ? ನಿಮ್ಮ ಅರ್ಜಿ ಮಂಜೂರ ಆಗ್ಯದ."

"ಯಾವ ಅರ್ಜಿ?"

"ಸೋಮವಾರ ಕೊಟ್ರೆಲ್ಲ. ಮರೆಪ್ಪನ್ನ ಇಲ್ಲಿ ಇಟ್ಟುಕೊಂಡು ಬಡಿಬ್ಯಾಡ್ರಿ, ಲಗೂನ ಹೈದರಾಬಾದಿಗೆ ಕಳಿಸ್ರಿ, ಅಲ್ಲಿ ಕಂಪನಿ ಎಂಜಿನಿಯರ ಸಾಹೇಬ್ರು ಕೇಳಿದ್ರ ಖರೇ ಹೊರಗ ಬರ್ತದ ಅಂತ. ಶುಕ್ರವಾರ ತನಕ ಯಾಕ, ಇವತ್ತೇ ಒಯ್ಯಿರಿ ಅಂತ ಮ್ಯಾಲಿಂದ ತಾರು ಬಂತು."

"ರೈಲಿನಾಗ ಒಯ್ದಾರ?"

"ರೈಲು ಯಾಕ್ರಿ? ಕೋಟನೂರಾಗ ಇನ್ನೊಂದು ವಿಮಾನ ಸುಮ್ಮ ನಿಂತಿಲ್ಲೇನು? ಅದನ್ನೂ ಹೈದರಾಬಾದಿಗೆ ಕರೆಸ್ಯಾರ. ಅದರಾಗೇ ಹೊಂಟಾರ."

ಕಾಲಿನ ಕೆಳಗೆ ನೆಲ ಕುಸಿಯಿತು ಎಂದು ಬರೆಯುವುದನ್ನು ಎಷ್ಟೋ ಸಲ ಓದಿ ನಕ್ಕಿದ್ದೇನೆ. ಇನ್ನು ನಗುವುದಿಲ್ಲ. ಆ ಅರ್ಜಿಯನ್ನು ನಾನು ಮೂರು ಸಲ ತಿದ್ದಿ, ಒಳ್ಳೆಯ ಉರ್ದುವಿನಲ್ಲಿ, ಒಂದು ಅಕ್ಷರವೂ ತಪ್ಪದಂತೆ ಬರೆದಿದ್ದೆ.

ಟಾಂಗಾವಾಲಾನಿಗೆ ಏನು ಹೇಳಿದೆನೋ ನೆನಪಿಲ್ಲ. ಕುದುರೆ ಬಾಯಲ್ಲಿ ನೊರೆ ಕಾರುತ್ತ ಓಡಿತು. ಖಂಡೆಪ್ಪ ಟಾಂಗಾದ ಕಂಬಿ ಹಿಡಿದು ಕೂತಿದ್ದ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೋಟನೂರ ಇನ್ನೂ ಅರ್ಧ ಮೈಲು ಇದ್ದಾಗ ಜೋಳದ ಹೊಲದ ಆಚೆಯಿಂದ ಗುರ್ ಎಂದು ಸದ್ದು ಎದ್ದಿತು. ನಮ್ಮ ನೆತ್ತಿಯ ಮೇಲೆ ವಿಮಾನ ದಾಟಿತು, ಅದರ ನೆರಳು ಕುದುರೆಯ ಬೆನ್ನ ಮೇಲೆ ಹಾದು ಹೋಯಿತು. ನಾನು ಟಾಂಗಾದಲ್ಲಿ ಎದ್ದು ನಿಂತು ಎರಡೂ ಕೈ ಬೀಸಿದೆ. ಮೇಲಿನಿಂದ ಯಾರೋ ಬೀಳ್ಕೊಡುತ್ತಿದ್ದಾರೆ ಎಂದುಕೊಂಡಿರಬೇಕು.

ಮೈದಾನದಲ್ಲಿ ಧೂಳು ಇನ್ನೂ ಇಳಿದಿರಲಿಲ್ಲ. ಶಫಿ ಶೆಡ್ಡಿನ ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದ.

"ಇಳಿಸು ಅದನ್ನ," ಎಂದೆ. "ಹೆಂಗರ ಮಾಡಿ ಇಳಿಸು. ಅದರಾಗ ಹಳೇ ತೋಳು ಅದ."

"ಹಳೇದು ಹೆಂಗ್ ಇರ್ತದ ಸಾಬ್? ಕಾಗದ ಎಲ್ಲಾ ಬರಾಬರ್ ಅವ. ಹೊಸಾ ತೋಳು ಹಾಕಿದ್ದು ರುಜು, ಹಳೇದು ಒಡದದ್ದು ರಸೀದಿ, ಸಬ್ ಕುಛ್."

ಬಯಾನು ಅವನ ಮುಖಕ್ಕೆ ಹಿಡಿದೆ. ಅವನು ಅದನ್ನು ಎರಡು ಸಲ ಓದಿದ. ಆರು ಕಂತಿನುದ್ದಕ್ಕೂ ನಾನು ಕಳ್ಳನೆಂದು ಕರೆದ ಮನುಷ್ಯ ಅಲ್ಲೇ ಧೂಳಿನಲ್ಲಿ ಕುಕ್ಕರಿಸಿದ.

"ಕರೆಯೋದಕ್ಕ ದಾರಿ ಇಲ್ಲ ಸಾಬ್. ಮ್ಯಾಲ ಹೋದ ಮ್ಯಾಲ ಅವರಿಗೆ ನಮ್ಮ ಮಾತು ಮುಟ್ಟೂದಿಲ್ಲ. ಹೈದರಾಬಾದಿಗೆ ಮುಟ್ಟಾಕ ದೀಡ್ ತಾಸು."

"ಒಳಗ ಯಾರ್‍ಯಾರು ಅದಾರ?"

"ಹೊಸಾ ಪೈಲಟ್, ಒಬ್ಬ ಸಿಪಾಯಿ, ಮತ್ತ ಮರೆಪ್ಪ. ಕೈಗೆ ಬೇಡಿ ಹಾಕ್ಯಾರ. ಎಂಜಿನ್ ಕಟ್ಟಿದ ಮಿಸ್ತ್ರಿ ಜೊತೀಗೆ ಕೂಡಲಿಲ್ಲಂದ್ರ ನಾ ಹತ್ತೂದಿಲ್ಲ ಅಂದ ಪೈಲಟ್. ಅದು ನಮ್ಮಲ್ಲಿ ದಸ್ತೂರ್ ಅದ. ಕಟ್ಟಿದವ ಕೂತ್ರ ಭರವಸೆ."

ಶಂಕ್ರಮ್ಮ ಬೇಲಿಯ ಹತ್ತಿರ ಖಾಲಿ ಬುತ್ತಿ ಬಟ್ಟೆ ಹಿಡಿದು ನಿಂತಿದ್ದಳು. ಹನ್ನೊಂದು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗುವಿನ ಸುಳಿವಿತ್ತು. ನಾನು ಅವಳ ಕಡೆ ನಡೆದೆ. ಅಷ್ಟು ದೂರ ನಡೆಯುವುದು ನನಗೆ ಯಾವತ್ತೂ ಅಷ್ಟು ಕಷ್ಟವಾಗಿರಲಿಲ್ಲ.

"ನನ್ನ ಕೈಲೆ ರೊಟ್ಟಿ ತಿಂದ್ರು ರೀ," ಎಂದಳು. "ನಾ ಅಳಾಕತ್ತಿದ್ದೆ. ಅಂಜಬ್ಯಾಡ, ಇದರಾಗಿನ ಹೊಸಾ ತೋಳು ನಾನೇ ಹಾಕೀನಿ ಅಂದ್ರು. ನಕ್ಕೋತನೇ ಹತ್ತಿದ್ರು. ನಿಮಗ ಏನರ ಸಿಕ್ತೇನ್ರಿ?"

"ಸಿಕ್ತವ್ವಾ. ನಿನ್ನ ಗಂಡಂದು ತಪ್ಪಿಲ್ಲ. ಬರೆಸಿಕೊಂಡು ಬಂದೀನಿ."

ಅವಳು ಕಾಗದ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಓದಲು ಬರದವಳು, ಕಾಡಿಗೆಯ ಹೆಬ್ಬಟ್ಟನ್ನು ಬೆರಳಿನಿಂದ ಮುಟ್ಟಿದಳು. "ಯಾರದ್ರಿ ಇದು?"

"ನಂದವ್ವಾ," ಎಂದ ಖಂಡೆಪ್ಪ. ಅವನು ಟಾಂಗಾ ಇಳಿದು ನನ್ನ ಹಿಂದೆ ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. "ಹೊಸಾ ತೋಳು ನಾ ಒಡದೆ. ಹಳೇವಕ್ಕ ಬಣ್ಣ ಹಚ್ಚಿ ಹೊಳ್ಳಿ ಕೊಟ್ಟೆ. ಅವಗ ಗೊತ್ತಿಲ್ಲ."

ಶಂಕ್ರಮ್ಮ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಧೂಳಿನಲ್ಲಿ ಕೂತ ಶಫಿಯನ್ನು ನೋಡಿದಳು. ಮಿಸ್ತ್ರಿಯ ಹೆಂಡತಿ, ಹೆಚ್ಚು ಹೇಳಬೇಕಾಗಿರಲಿಲ್ಲ.

"ಹಳೇವು ಎಷ್ಟು ಇದ್ದವು ಮಾಮಾ?"

"ಎರಡು."

"ಒಂದು ಕಮಲಾಪುರದಾಗ ಬಿತ್ತು. ಇನ್ನೊಂದು ಎಲ್ಲಿ ಅದ?"

ಖಂಡೆಪ್ಪ ಕೈ ಎತ್ತಿ ಮುಗಿಲು ತೋರಿಸಿದ.

ಸದ್ದು ಇನ್ನೂ ಸಣ್ಣಗೆ ಕೇಳುತ್ತಿತ್ತು. ಶಂಕ್ರಮ್ಮ ಕಾಗದವನ್ನು ಅಲ್ಲೇ ಬಿಟ್ಟು, ಸೆರಗು ಜಾರಿದ್ದೂ ತಿಳಿಯದೆ, ಮೈದಾನದ ಉದ್ದಕ್ಕೂ ಆ ಸದ್ದಿನ ಹಿಂದೆ ಓಡತೊಡಗಿದಳು.